ಮಾಗಿ ಚಳಿಯಲ್ಲಿ ಹುಟ್ಟಿದ ಕರುವಿನ ಮೊದಲ ವಾರ

ಬೀದರ್, ವಿಜಯಪುರದ ಬಯಲಿರಲಿ, ಹಾಸನ–ಚಿಕ್ಕಮಗಳೂರಿನ ಕಡೆಯಿರಲಿ, ಡಿಸೆಂಬರ್–ಜನವರಿಯ ಬೆಳಗಿನ ಜಾವದಲ್ಲಿ ಉಷ್ಣಾಂಶ 10ರಿಂದ 14 ಡಿಗ್ರಿಗೆ ಇಳಿಯುವುದು ಮಾಮೂಲು. ಹೊಟ್ಟೆ ತುಂಬ ಹುಲ್ಲು ತಿಂದ ದೊಡ್ಡ ಹಸು ಇದಕ್ಕೆ ಜಗ್ಗುವುದಿಲ್ಲ. ಮೇವು ಅರಗುವಾಗ ಹುಟ್ಟುವ ಶಾಖವೇ ಅದಕ್ಕೆ ಸಾಕು. ಆಗಷ್ಟೇ ಹುಟ್ಟಿದ ಕರುವಿಗೆ ಆ ಅನುಕೂಲವಿಲ್ಲ. ಚರ್ಮದಡಿ ಕೊಬ್ಬು ಕಡಿಮೆ, ಮೈಯೆಲ್ಲ ತೊಯ್ದಿರುತ್ತದೆ. ಸುತ್ತಲಿನ ಗಾಳಿ 15 ಡಿಗ್ರಿಗಿಂತ ತಣ್ಣಗಾದರೆ ಮೈ ಬೆಚ್ಚಗಿಟ್ಟುಕೊಳ್ಳಲೆಂದೇ ಅದು ಶಕ್ತಿ ಖರ್ಚು ಮಾಡಬೇಕು. ಚಳಿಗೆ ಹೆದರಿ ಕೊಟ್ಟಿಗೆಯ ಕಿಂಡಿಗಳನ್ನೆಲ್ಲ ಮುಚ್ಚುವವರು ಬಹಳ ಮಂದಿ. ಆದರೆ ಮೈ ಒಣಗಿದ್ದು, ಹೊಟ್ಟೆಗೆ ಹೊತ್ತಿಗೆ ಸರಿಯಾಗಿ ಗಿಣ್ಣು ಬಿದ್ದ ಕರು ಈ ಚಳಿಯನ್ನು ತಡೆದುಕೊಳ್ಳುತ್ತದೆ. ತೊಯ್ದ ಮೈಯಲ್ಲಿ ಹಸಿದು ಮಲಗಿದ್ದು ತಡೆಯುವುದಿಲ್ಲ.

ಮೊದಲೇ ಸಿದ್ಧವಾಗಿರಬೇಕಾದ್ದು

ಹಸುವಿನ ಕೆಚ್ಚಲು ಬಿಗಿದು, ಬಾಲದ ಬುಡದ ಎರಡೂ ಪಕ್ಕ ಕುಳಿ ಬಿದ್ದಿತೆಂದರೆ ಒಂದೆರಡು ದಿನದಲ್ಲಿ ಕರು ಹಾಕುತ್ತದೆ. ಅಷ್ಟರೊಳಗೆ ಸುಮಾರು 10 ಅಡಿ ಉದ್ದ, 10 ಅಡಿ ಅಗಲದ ಜಾಗ ಬಿಡಿಸಿ, ತೊಳೆದು, ಪೂರ್ತಿ ಒಣಗಿಸಿ, ಅರ್ಧ ಅಡಿಗೆ ಕಡಿಮೆಯಿಲ್ಲದಂತೆ ಭತ್ತದ ಹುಲ್ಲು ಹಾಸಿ. ಮೇವಿಗೆ ಬೇಕಾದ ರಾಗಿ ಹುಲ್ಲನ್ನು ಇದಕ್ಕೆ ಹಾಳು ಮಾಡಬೇಡಿ. ಒಣ ಗೋಣಿತಟ್ಟು ಮೂರ್ನಾಲ್ಕು, ಟಿಂಚರ್ ಅಯೋಡಿನ್, ಹೊಸ ಬ್ಲೇಡು, ದಪ್ಪ ದಾರ, ನಿಪ್ಪಲ್ ಇರುವ ಬಾಟಲಿ, ಥರ್ಮಾಮೀಟರ್, ಟಾರ್ಚು ಒಂದು ಬುಟ್ಟಿಯಲ್ಲಿರಲಿ. ಹೆಚ್ಚಿನ ಹಸುಗಳು ರಾತ್ರಿಯೇ ಕರು ಹಾಕುತ್ತವೋ ಇಲ್ಲವೋ, ಸಾಮಾನು ಸಿಗದೆ ಹೋಗುವುದಂತೂ ರಾತ್ರಿಯೇ.

ಮೊದಲ ಅರ್ಧ ಗಂಟೆ

ಕರು ನೆಲಕ್ಕೆ ಬಿದ್ದ ಕೂಡಲೇ ಮೂಗು, ಬಾಯಿಯ ಲೋಳೆ ತೆಗೆಯಿರಿ. ಉಸಿರಾಟ ಸರಿಯಿಲ್ಲದಿದ್ದರೆ ಹುಲ್ಲಿನ ಕಡ್ಡಿಯೊಂದನ್ನು ಮೂಗಿನ ಹೊಳ್ಳೆಯೊಳಗೆ ಆಡಿಸಿದರೆ ಸೀನಿ ಉಸಿರೆಳೆಯುತ್ತದೆ. ಎದೆ ನೆಲಕ್ಕೆ ತಾಗುವಂತೆ ಕೂರಿಸಿ. ಒಂದೇ ಮಗ್ಗುಲಿಗೆ ಬಿದ್ದಿದ್ದರೆ ಕೆಳಗಿನ ಶ್ವಾಸಕೋಶಕ್ಕೆ ಗಾಳಿ ಸರಿಯಾಗಿ ಹೋಗದು. ಹಿಂಗಾಲು ಹಿಡಿದು ತಲೆಕೆಳಗಾಗಿ ನೇತುಹಾಕುವ ಪದ್ಧತಿ ಬೇಡ. ಹೊಟ್ಟೆಯ ಭಾರವೆಲ್ಲ ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪೊರೆ) ಮೇಲೆ ಬಿದ್ದು ಉಸಿರಿಗೆ ಇನ್ನಷ್ಟು ಕಷ್ಟ.

ಆಮೇಲೆ ತಾಯಿಗೆ ನೆಕ್ಕಲು ಬಿಡಿ. ಹಸು ನೆಕ್ಕಿದರೆ ಮೈ ಒಣಗುತ್ತದೆ, ರಕ್ತ ಓಡಾಡುತ್ತದೆ, ಕರು ಬೇಗ ಎದ್ದು ನಿಲ್ಲುತ್ತದೆ. ಚೊಚ್ಚಲು ಹಸು ಹಿಂಜರಿದರೆ ಕರುವಿನ ಬೆನ್ನಿಗೆ ಒಂದಿಷ್ಟು ಬೂಸಾ ಉದುರಿಸಿ ನೋಡಿ. ಅದರ ಜೊತೆಗೆ ಗೋಣಿತಟ್ಟಿನಿಂದ ಕೂದಲಿಗೆ ಎದುರಾಗಿ, ಜೋರಾಗಿ ಉಜ್ಜಿ. ತಟ್ಟು ತೊಯ್ದರೆ ಬದಲಿಸಿ. ತೊಯ್ದದ್ದರಲ್ಲೇ ಉಜ್ಜಿದರೆ ನೀರು ಅಲ್ಲಿಂದಿಲ್ಲಿಗೆ ಹೋಗುತ್ತದೆ ಅಷ್ಟೆ. ಕಿವಿ ಮತ್ತು ಕಾಲಿನ ಸಂದುಗಳಲ್ಲಿ ತೇವ ಕೊನೆಯವರೆಗೂ ಉಳಿಯುತ್ತದೆ.

ಹೊಕ್ಕುಳ ಬಳ್ಳಿಯನ್ನು ಹೊಟ್ಟೆಯಿಂದ ಎರಡು ಬೆರಳು ಬಿಟ್ಟು, ಅಯೋಡಿನ್‌ನಲ್ಲಿ ನೆನೆಸಿದ ದಾರದಿಂದ ಕಟ್ಟಿ, ಅದರ ಕೆಳಗೆ ಒಂದು ಬೆರಳು ಬಿಟ್ಟು ಕತ್ತರಿಸಿ. ಉಳಿದ ತುದಿಯನ್ನು ಚಿಕ್ಕ ಲೋಟದಲ್ಲಿಟ್ಟ ಅಯೋಡಿನ್‌ನಲ್ಲಿ ಪೂರ್ತಿ ಅದ್ದಿ. ಹತ್ತಿಯಲ್ಲಿ ಸವರಿದರೆ ಒಳಮೈಗೆ ತಾಗುವುದಿಲ್ಲ. ದಿನಕ್ಕೆರಡು ಸಲ, ಮೂರು ದಿನ. ಇದನ್ನು ಬಿಟ್ಟ ಕರುಗಳಲ್ಲೇ ಹೊಕ್ಕುಳು ಬಾವು ಬಂದು, ಸೋಂಕು ರಕ್ತಕ್ಕೆ ಸೇರಿ, ಮೊಣಕಾಲ ಕೀಲು ಊದುವುದು ಹೆಚ್ಚು.

ಗಿಣ್ಣು: ಗಡಿಯಾರ ನೋಡಿ ಕುಡಿಸಿ

ಹಸುವಿನ ಗರ್ಭದಲ್ಲಿ ತಾಯಿಯ ರೋಗನಿರೋಧಕ ಅಂಶಗಳು ಕರುವಿಗೆ ದಾಟುವುದಿಲ್ಲ. ಅವು ಸಿಗಬೇಕಾದ್ದು ಗಿಣ್ಣಿನಿಂದಲೇ. ಅವನ್ನು ಹಾಗೆಹಾಗೇ ಹೀರಿಕೊಳ್ಳುವ ಕರುಳಿನ ಶಕ್ತಿ ಮೊದಲ ಆರು ಗಂಟೆ ಚೆನ್ನಾಗಿದ್ದು, ಕ್ರಮೇಣ ಕುಗ್ಗಿ, 24 ಗಂಟೆಗೆ ಬಹುತೇಕ ಮುಗಿದಿರುತ್ತದೆ. ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣು ಲೆಕ್ಕ. 30 ಕಿಲೋ ಇರುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಕರುವಿಗೆ ಒಟ್ಟು 3 ಲೀಟರ್: ಮೊದಲ ಎರಡು ಗಂಟೆಯಲ್ಲಿ ಒಂದೂವರೆ ಲೀಟರ್, ಎಂಟು ಗಂಟೆಯೊಳಗೆ ಉಳಿದದ್ದು. ಜರ್ಸಿ ಮಿಶ್ರತಳಿ, ನಾಟಿ ಕರುಗಳಿಗೆ ತೂಕ ನೋಡಿ ಕಡಿಮೆ ಮಾಡಿಕೊಳ್ಳಿ.

ಮಾಸು (ಕರುವಿನ ಹಿಂದೆ ಹೊರಬೀಳುವ ಗರ್ಭದ ಪೊರೆ) ಬೀಳುವ ತನಕ ಕರು ಬಿಡಬಾರದು, ಹಾಲು ಹಿಂಡಬಾರದು ಎಂಬ ನಂಬಿಕೆ ಇನ್ನೂ ಎಷ್ಟೋ ಮನೆಗಳಲ್ಲಿದೆ. ಆಗುವುದು ತಿರುಗುಮುರುಗು. ಕರು ಮೊಲೆ ಚೀಪಿದಾಗ ಹಸುವಿನ ಮೈಯಲ್ಲಿ ಬಿಡುಗಡೆಯಾಗುವ ಆಕ್ಸಿಟೋಸಿನ್ ಹಾಲನ್ನೂ ಇಳಿಸುತ್ತದೆ, ಗರ್ಭಕೋಶವನ್ನೂ ಸಂಕುಚಿಸಿ ಮಾಸು ಕಳಚಲು ನೆರವಾಗುತ್ತದೆ. ಸಾಮಾನ್ಯವಾಗಿ 8ರಿಂದ 12 ಗಂಟೆಯಲ್ಲಿ ಬೀಳುತ್ತದೆ. ಬೀಳದಿದ್ದರೆ ವೈದ್ಯರಿಗೆ ಹೇಳಿ. ಕಲ್ಲು ಕಟ್ಟಿ ಜಗ್ಗಿಸಬೇಡಿ.

ಮನೆಯವರಿಗೆ ಗಿಣ್ಣು ಬೇಕೆಂದರೆ ಕರುವಿನ ಪಾಲು ಮುಗಿದ ಮೇಲೆ. ಮಿಕ್ಕಿದ್ದನ್ನು ಒಂದು ಲೀಟರಿನ ಬಾಟಲಿಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟರೆ ಹಾಲಿಲ್ಲದ ಇನ್ನೊಂದು ಹಸುವಿನ ಕರುವಿಗೆ ಆದೀತು. ಕರಗಿಸುವಾಗ ಬಾಟಲಿಯನ್ನು ಕೈ ತಡೆಯುವಷ್ಟು ಬಿಸಿಯ ನೀರಿನಲ್ಲಿಡಿ, ಒಲೆಯ ಮೇಲೆ ಬೇಡ. ಕಾಯಿಸಿದಾಗ ಗಿಣ್ಣು ಗಟ್ಟಿಯಾಗುತ್ತದಲ್ಲ, ಆ ಗಟ್ಟಿಯಾಗುವ ಪ್ರೊಟೀನುಗಳಲ್ಲೇ ಕರುವಿಗೆ ಬೇಕಾದ ನಿರೋಧಕ ಅಂಶವೂ ಇದೆ.

ಕರು ತಣ್ಣಗಾಗಿದ್ದರೆ

ಬಾಯಿಯೊಳಗೆ ಬೆರಳಿಡಿ. ಬೆಚ್ಚಗಿದ್ದು ಬೆರಳು ಚೀಪಿದರೆ ಚಿಂತೆಯಿಲ್ಲ. ನಾಲಿಗೆ ತಣ್ಣಗಿದ್ದು ಚೀಪದಿದ್ದರೆ ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. 101ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಸರಿ. 100ಕ್ಕಿಂತ ಕೆಳಗಿದ್ದರೆ ಮೈ ಕಾವೇರಿಸಲೇಬೇಕು. ದೊಡ್ಡ ಬಾನಿಯಲ್ಲಿ ಮೊಣಕೈಗೆ ಹಿತವಾಗುವಷ್ಟು, ಅಂದರೆ 38ರಿಂದ 40 ಡಿಗ್ರಿ ಸೆಲ್ಸಿಯಸ್ ನೀರು ತುಂಬಿ, ತಲೆ ಎತ್ತಿ ಹಿಡಿದು ಕುತ್ತಿಗೆವರೆಗೆ ಇಳಿಸಿ. ನೀರು ಆರಿದಂತೆ ಬಿಸಿನೀರು ಬೆರೆಸುತ್ತಿರಿ. ಬಾಯಿ ಬೆಚ್ಚಗಾದ ಮೇಲೆ ಹೊರತೆಗೆದು ಕೂದಲ ಬುಡದವರೆಗೆ ಒಣಗಿಸಿ. ಚೀಪಲಾಗದ ಕರುವಿನ ಬಾಯಿಗೆ ಗೊಟ್ಟದಿಂದ (ದನಗಳಿಗೆ ಔಷಧಿ ಕುಡಿಸುವ ಬಿದಿರಿನ ಕೊಳವೆ) ಹಾಲು ಸುರಿದರೆ ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಚಳಿಯಿಂದ ಉಳಿದದ್ದು ಹೀಗೆ ಸಾಯುವುದುಂಟು.

ಮಲಗುವ ಜಾಗ, ಗಾಳಿ, ಹೊಗೆ

ಕರು ಮಲಗಿದಾಗ ಕಾಲುಗಳು ಹುಲ್ಲಿನಲ್ಲಿ ಹುದುಗಿ ಕಾಣದಂತಿರಬೇಕು. ಕಾಣುತ್ತಿದ್ದರೆ ಹುಲ್ಲು ಸಾಲದು. ಪಂಚೆಯೋ ಪ್ಯಾಂಟೋ, ಹುಲ್ಲಿನ ಮೇಲೆ ಮೊಣಕಾಲೂರಿ ಅರ್ಧ ನಿಮಿಷ ಕೂತು ನೋಡಿ. ಬಟ್ಟೆ ಒದ್ದೆಯಾದರೆ ಗಂಜಲ ಇಂಗಿದ ಹುಲ್ಲು ತೆಗೆದು ಹೊಸದು ಹಾಕಿ.

ಗಾಳಿ ಬೀಸುವ ದಿಕ್ಕಿಗೆ ನೆಲದಿಂದ ನಾಲ್ಕಡಿ ಎತ್ತರದವರೆಗೆ ಗೋಣಿತಟ್ಟಿನ ಪರದೆ ಕಟ್ಟಿ, ಸೂರಿನಡಿಯ ಕಿಂಡಿ ತೆರೆದೇ ಇರಲಿ. ಎಲ್ಲ ಮುಚ್ಚಿದರೆ ಗಂಜಲದ ಅಮೋನಿಯಾ ಕೆಳಗೇ ನಿಲ್ಲುತ್ತದೆ. ಬೆಳಿಗ್ಗೆ ಬಾಗಿಲು ತೆರೆದಾಗ ನಿಮ್ಮ ಕಣ್ಣು ಉರಿದರೆ, ರಾತ್ರಿಯಿಡೀ ನೆಲಮಟ್ಟದಲ್ಲಿ ಮೂಗಿಟ್ಟು ಮಲಗಿದ ಕರುವಿನ ಪಾಡು ಊಹಿಸಿಕೊಳ್ಳಿ. ಬೆರಣಿ, ಬೇವಿನ ಸೊಪ್ಪಿನ ಹೊಗೆ ಕರುವಿರುವ ಕೋಣೆಗೆ ಬೇಡವೇ ಬೇಡ. ಸೊಳ್ಳೆಗೆ ಪರದೆ ಕಟ್ಟಿ.

ರಾತ್ರಿ ಹೊದಿಸುವ ಗೋಣಿಚೀಲವನ್ನು ಎದೆ ಮತ್ತು ಹೊಟ್ಟೆಯ ಸುತ್ತ ಎರಡು ಕಡೆ ಕಟ್ಟಿ. ಹೋರಿಗರುವಾದರೆ ಹೊಟ್ಟೆಯ ದಾರ ಉಚ್ಚೆ ಬೀಳುವ ಜಾಗದಿಂದ ಮುಂದಿರಲಿ. ಬಿಸಿಲೇರಿದ ಮೇಲೆ ಬಿಚ್ಚಿ ಒಣಹಾಕದಿದ್ದರೆ ಬೆವರಿ ತೊಯ್ದ ಚೀಲವೇ ರಾತ್ರಿ ಮೈ ತಣ್ಣಗೆ ಮಾಡುತ್ತದೆ.

ಎರಡನೇ ದಿನದಿಂದಲೂ ತೂಕದ ಹತ್ತನೇ ಒಂದು ಭಾಗ ಹಾಲು ಬೇಕೇ ಬೇಕು. ಚಳಿ ಹೆಚ್ಚಿದ್ದರೆ ಮಲಗುವ ಮುನ್ನ ಇನ್ನೊಂದು ಅರ್ಧ ಲೀಟರ್ ಕೊಡಿ. ಹಿಂಡಿದ ಬಿಸಿಯಲ್ಲೇ ಕುಡಿಸಿ, ಆರಿದ್ದರೆ ಬೆಚ್ಚಗೆ ಮಾಡಿ. ಭೇದಿ ಶುರುವಾದರೆ ಹಾಲು ನಿಲ್ಲಿಸಬೇಡಿ. ಎರಡು ಹಾಲಿನ ನಡುವೆ ಓಆರ್‌ಎಸ್ ನೀರು ಕೊಡಿ. ಕಣ್ಣು ಗುಳಿಬಿದ್ದರೆ ಅಥವಾ ಕರು ಏಳದಿದ್ದರೆ ಕಾಯುವಂತಿಲ್ಲ.

ತಾಯಿಯ ಕಡೆಯೂ ಒಂದು ಕಣ್ಣಿರಲಿ. ಕರು ಹಾಕಿದ ಮೂರು ದಿನದೊಳಗೆ ಹಸುವಿನ ಕಿವಿ ತಣ್ಣಗಾಗಿ, ಏಳಲಾಗದೆ, ಕುತ್ತಿಗೆಯನ್ನು ಪಕ್ಕೆಗೆ ಹೊರಳಿಸಿ ಮಲಗಿದರೆ ಚಳಿಯೆಂದು ಕಂಬಳಿ ಹೊದಿಸಿ ಸುಮ್ಮನಾಗಬೇಡಿ. ಅದು ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದ ಹಾಲುಜ್ವರ. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗೆ. ಬಾಯಿಗೆ ಏನೂ ಹೊಯ್ಯದೆ ಎದೆಯ ಮೇಲೆ ಕೂರುವಂತೆ ಹುಲ್ಲಿನ ಚೀಲ ಒತ್ತುಕೊಟ್ಟು, ನಿಮ್ಮೂರಿನ ಪಶುವೈದ್ಯರಿಗೋ 1962 ಸಹಾಯವಾಣಿಗೋ ಕರೆ ಮಾಡಿ. ರಕ್ತನಾಳಕ್ಕೆ ಕ್ಯಾಲ್ಸಿಯಂ ಹೊತ್ತಿಗೆ ಸರಿಯಾಗಿ ಬಿದ್ದರೆ ಬಹುತೇಕ ಹಸುಗಳು ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತವೆ.