ಮನೆಯೊಳಗಿನ ಅಗಿಗೆ ಬೆಳಕು: ಟ್ಯೂಬ್‌ಲೈಟನ್ನು ಕೆಳಗೆ ಇಳಿಸಿ

ಮಿರಗ ಮಳೆ ಹಿಡಿದರೆ ಧಾರವಾಡದಲ್ಲಿ ಬಿಸಿಲು ಕಾಣುವುದೇ ಅಪರೂಪ. ಜಿಟಿಜಿಟಿ ಮಳೆಗೆ ಅಗಿ, ಅಂದರೆ ನಾಟಿಯ ಎಳೆ ಸಸಿ, ಕೊಳೆಯುತ್ತದೆ ಅಂತ ಬಹಳ ಜನ ಮೆಣಸಿನಕಾಯಿ, ಬದನೆ, ಟೊಮೆಟೊ ಬೀಜವನ್ನು ಟ್ರೇನಲ್ಲಿ ಹಾಕಿ ಪಡಸಾಲೆಯ ಕಿಟಕಿಯಲ್ಲಿ ಇಡುತ್ತಾರೆ. ಬೀಜ ಚೆನ್ನಾಗಿಯೇ ಮೊಳೆಯುತ್ತದೆ. ಆಮೇಲೆ ಸಸಿ ನೂಲಿನ ಹಾಗೆ ಸಣಕಲಾಗಿ, ಕಿಟಕಿಯ ಕಡೆ ಬಾಗಿ, ಅಡ್ಡ ಬೀಳುತ್ತದೆ. ಬೀಜ ಕೆಟ್ಟದ್ದು ಅಂತ ಕೆಲವರು ಬೈಯುತ್ತಾರೆ, ಕೆಲವರು ಗೊಬ್ಬರ ಸುರಿಯುತ್ತಾರೆ. ಕೊರತೆ ಇರುವುದು ಬೆಳಕಿನದು.

ನಮ್ಮ ಕಣ್ಣಿಗೆ ಕೋಣೆ ಬೆಳಕಾಗಿಯೇ ಕಾಣುತ್ತದೆ, ಅಲ್ವಾ? ಬಯಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಬೆಳಕನ್ನು ಅಳೆಯುವ ಮಾನ). ಮೋಡ ಕವಿದ ಹಗಲಲ್ಲೂ ಹೊರಗೆ ಸುಮಾರು 10 ಸಾವಿರ ಇರುತ್ತದೆ. ರಾತ್ರಿ ಟ್ಯೂಬ್ ಹಾಕಿದ ಕೋಣೆಯಲ್ಲಿ ಕೆಲವು ನೂರು ಮಾತ್ರ. ಕುಂದಗೋಳ, ಬ್ಯಾಡಗಿ ಕಡೆ ಹೊಲದಲ್ಲೇ ಮಡಿ ಮಾಡಿ ಅಗಿ ಬೆಳೆಸುವವರಿಗೆ ಈ ಚಿಂತೆ ಇಲ್ಲ.

ಮೊದಲು ದೀಪ. 4 ಅಡಿಯ, 20 ವ್ಯಾಟ್‌ನ ಎಲ್‌ಇಡಿ ಟ್ಯೂಬ್ 2 ಸಾಕು. ಡಬ್ಬಿಯ ಮೇಲೆ ‘ಕೂಲ್ ಡೇಲೈಟ್’ ಅಥವಾ 6500ಕೆ ಅಂತ ಇರಲಿ. ನೇರಳೆ ಬಣ್ಣದ ಅಗ್ಗದ ‘ಗ್ರೋ ಲೈಟ್’ ಮಾತ್ರ ಕೊಳ್ಳಬೇಡಿ. ಆ ಬೆಳಕಲ್ಲಿ ಎಲೆ ಹಳದಿಯಾದರೂ ಗೊತ್ತಾಗುವುದಿಲ್ಲ, ಎಷ್ಟೋ ದೀಪಗಳಲ್ಲಿ ಡಬ್ಬಿಯ ಮೇಲೆ ಬರೆದಷ್ಟು ವ್ಯಾಟ್ ಇರುವುದೂ ಇಲ್ಲ. ಹಳೆಯ ಹಳದಿ ಬಲ್ಬೂ ಬೇಡ, ಅದು ಕೊಡುವುದು ಕಾವೇ ಜಾಸ್ತಿ.

ಬೀಜವನ್ನು ಕಾಲು ಇಂಚು ಆಳಕ್ಕೆ ಹಾಕಿ, ತೇವ ಆರದಂತೆ ನೋಡಿಕೊಳ್ಳಿ. ಮೊಳಕೆ ತಲೆ ಎತ್ತಿದ ದಿನವೇ ದೀಪ ಹಚ್ಚಿ. ಎರಡು ದಿನ ತಡವಾದರೂ ಕಾಂಡ ಎಳೆದುಕೊಂಡು ಬಿಡುತ್ತದೆ.

ಎಲ್ಲರೂ ಎಡವುವುದು ಎತ್ತರದಲ್ಲಿ. ದೀಪವನ್ನು ಗೋಡೆಯ ಮೇಲೇ ಬಿಟ್ಟು ಕೆಳಗೆ ಟ್ರೇ ಇಡುತ್ತಾರೆ. ಟ್ಯೂಬ್ ಸಸಿಯ ತುದಿಯಿಂದ 3 ಇಂಚು, ಅಂದರೆ ನಾಲ್ಕು ಬೆರಳು ಮೇಲಿರಬೇಕು. ಅಷ್ಟು ಹತ್ತಿರ ಇದ್ದರೆ ಮೋಡದ ಹಗಲಿನಷ್ಟು ಬೆಳಕು ಸಿಗುತ್ತದೆ. ಅದೇ ಟ್ಯೂಬನ್ನು 1 ಅಡಿ ಎತ್ತರಕ್ಕೆ ಒಯ್ದರೆ ಬೆಳಕು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಎಲ್‌ಇಡಿ ಅಷ್ಟೇನೂ ಕಾಯುವುದಿಲ್ಲ, ಎಲೆ ಸುಡುವ ಹೆದರಿಕೆ ಬೇಡ.

ಟ್ಯೂಬನ್ನು ಮೇಜಿನ ಅಡಿಗೋ ರ್‍ಯಾಕಿನ ಅಡಿಗೋ ಎರಡು ಹಗ್ಗದಲ್ಲಿ ತೂಗುಬಿಡಿ, ಗಂಟು ಸಡಿಲಿಸಿ ಮೇಲೆ ಎಳೆಯುವಂತಿರಲಿ. ನನಗೆ ಇನ್ನೂ ಇಷ್ಟವಾದ ದಾರಿ ಬೇರೆ: ದೀಪವನ್ನು ಅಲುಗಾಡಿಸಬೇಡಿ, ಟ್ರೇ ಕೆಳಗೆ ಹಳೆಯ ರದ್ದಿ ಪುಸ್ತಕ ಪೇರಿಸಿ. ಸಸಿ ಎದ್ದಂತೆ ಒಂದೊಂದೇ ತೆಗೆಯಿರಿ. ಎರಡು ದಿನಕ್ಕೊಮ್ಮೆ ನಾಲ್ಕು ಬೆರಳು ಇಟ್ಟು ಅಳೆಯಿರಿ. ಟ್ಯೂಬಿನ ಎರಡೂ ತುದಿಯಲ್ಲಿ ಬೆಳಕು ಕಡಿಮೆ, ಹಾಗಾಗಿ ಅಂಚಿನ ಟ್ರೇಯನ್ನು ನಡುವಿಗೆ ತನ್ನಿ. ಸುತ್ತ ಬಿಳಿ ರಟ್ಟು ನಿಲ್ಲಿಸಿದರೆ ಪಕ್ಕಕ್ಕೆ ಹೋಗುವ ಬೆಳಕು ವಾಪಸ್ ಬರುತ್ತದೆ.

ದಿನಕ್ಕೆ 14ರಿಂದ 16 ತಾಸು ದೀಪ ಉರಿಯಲಿ, ರಾತ್ರಿ ಕತ್ತಲು ಬೇಕೇ ಬೇಕು. ಎರಡು ಟ್ಯೂಬಿಗೆ ದಿನಕ್ಕೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಕರೆಂಟ್ ಆಗುತ್ತದೆ. ನಡುವೆ ಕರೆಂಟ್ ಹೋದರೆ ಗಾಬರಿ ಬೇಡ. ನೀರು ಮಾತ್ರ ಸ್ವಿಚ್ ಆರಿಸಿಯೇ ಹಾಕಿ, ಅದೂ ಟ್ರೇ ಅಡಿಯ ತಟ್ಟೆಗೆ. ಮೇಲಿಂದ ಚಿಮುಕಿಸುತ್ತಾ ಹೋದರೆ ಬುಡ ಕೊಳೆಯುತ್ತದೆ.

ಈಗಾಗಲೇ ಉದ್ದವಾದ ಟೊಮೆಟೊ ಸಸಿಯನ್ನು ಬೀಜದೆಲೆಯವರೆಗೆ (ಮೊಳಕೆಯಲ್ಲಿ ಮೊದಲು ಬರುವ ಜೋಡಿ ಎಲೆ) ಮಣ್ಣಲ್ಲಿ ಹೂತು ಉಳಿಸಬಹುದು, ಕಾಂಡದಿಂದಲೇ ಬೇರು ಬರುತ್ತದೆ. ಸಣಕಲಾದ ಮೆಣಸಿನ ಸಸಿ ಬಿಟ್ಟು ಹೊಸ ಬೀಜ ಹಾಕುವುದೇ ಒಳ್ಳೆಯದು.

ನೆಲಕ್ಕೆ ಹಚ್ಚುವ, ಅಂದರೆ ನಾಟಿ ಮಾಡುವ, ಒಂದು ವಾರ ಮೊದಲು ಸಸಿಯನ್ನು ಹೊರಗೆ ರೂಢಿ ಮಾಡಿಸಿ. ಮೊದಲ ದಿನ ಬೆಳಗಿನ ಎಳೆಬಿಸಿಲಲ್ಲಿ ಒಂದು ತಾಸು, ಆಮೇಲೆ ದಿನಾ ಒಂದೆರಡು ತಾಸು ಹೆಚ್ಚಿಸಿ. ಸುಮ್ನೆ ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಬೆಳ್ಳಗಾಗಿ ಒಣಗುತ್ತದೆ. ನೆಲಕ್ಕೆ ಹಚ್ಚುವುದು ಸಂಜೆ ಹೊತ್ತಿಗೆ.