ಒಂದೇ ಕಥೆ, ಎರಡು ಪಾಠ: ವ್ಯಾಕರಣವನ್ನೂ ಸಣ್ಣಕಥೆಯನ್ನೂ ಜೊತೆಯಾಗಿ ಕಲಿಸುವುದು ಹೇಗೆ?

ಎಂಟನೆಯ ತರಗತಿಯ ವಿದ್ಯಾರ್ಥಿಯೊಬ್ಬನನ್ನು ಭೂತಕಾಲ ಎಂದರೇನು ಎಂದು ಕೇಳಿದರೆ ಅವನು ತಡವರಿಸದೆ ಉತ್ತರಿಸುತ್ತಾನೆ. ಅದೇ ಹುಡುಗನಿಗೆ ಒಂದು ಪುಟದ ಕಥೆ ಬರೆಯಲು ಹೇಳಿದರೆ, ಮೊದಲ ಸಾಲಿನಲ್ಲಿ ‘ಬಂದನು’ ಎಂದು ಆರಂಭಿಸಿ, ನಾಲ್ಕನೆಯ ಸಾಲಿನಲ್ಲಿ ‘ಹೋಗುತ್ತಾನೆ’ ಎಂದು ಬರೆದು, ಕಾಲ ಬದಲಾದದ್ದು ತನಗೇ ಗೊತ್ತಾಗದೆ ಮುಂದೆ ಸಾಗುತ್ತಾನೆ. ವ್ಯಾಕರಣದ ಪೀರಿಯಡ್ಡಿನಲ್ಲಿ ಕಲಿತದ್ದು ಕಥೆಯ ಪೀರಿಯಡ್ಡಿಗೆ ದಾಟಿ ಬರುವುದಿಲ್ಲ ಎಂಬುದು ಭಾಷಾ ಶಿಕ್ಷಕರೆಲ್ಲರ ಹಳೆಯ ದೂರು.

ಈ ದೂರಿಗೆ ಸಂಶೋಧನೆಯ ಬೆಂಬಲವೂ ಇದೆ. ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ ಅವರು ನಾಲ್ಕರಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳ ಬರವಣಿಗೆಯ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2007ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ವರದಿಯಲ್ಲಿ, ವ್ಯಾಕರಣವನ್ನು ಬಿಡಿಯಾಗಿ ಕಲಿಸಿದ್ದರಿಂದ ಬರವಣಿಗೆಯ ಗುಣಮಟ್ಟ ಹೆಚ್ಚಿದ್ದು ಕಂಡುಬರಲಿಲ್ಲ. ಆದರೆ ಚಿಕ್ಕ ವಾಕ್ಯಗಳನ್ನು ಜೋಡಿಸಿ ದೊಡ್ಡ ವಾಕ್ಯ ಮಾಡುವ ಅಭ್ಯಾಸದಿಂದ ಸ್ಪಷ್ಟವಾದ ಪ್ರಯೋಜನ ಕಂಡುಬಂದಿತು. ಅದು ಮುಖ್ಯವಾಗಿ ಇಂಗ್ಲಿಷ್ ಬರವಣಿಗೆಯನ್ನು ಕುರಿತದ್ದು, ಕನ್ನಡಕ್ಕೆ ಹಾಗೆಯೇ ಅನ್ವಯಿಸಬೇಕಾಗಿಲ್ಲ. ಆದರೂ ಕನ್ನಡದ ಕ್ರಿಯಾಪದ ತನ್ನೊಳಗೆ ಕಾಲವನ್ನೂ ಲಿಂಗವನ್ನೂ ವಚನವನ್ನೂ ಕೊನೆಗೆ ಹೇಳುವವನ ಗೌರವಭಾವವನ್ನೂ ತುಂಬಿಕೊಂಡಿರುವುದರಿಂದ, ನಮ್ಮ ಭಾಷೆಯಲ್ಲಿ ಕಥೆಗಾರನ ತೀರ್ಮಾನಗಳು ಬಹುಪಾಲು ವ್ಯಾಕರಣದ ತೀರ್ಮಾನಗಳೇ ಆಗಿರುತ್ತವೆ. ಎರಡನ್ನೂ ಒಂದೇ ಕಥೆಯ ಮೂಲಕ ಸುಮಾರು ಆರು ಪೀರಿಯಡ್ಡುಗಳಲ್ಲಿ ಕಲಿಸುವ ಒಂದು ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಕಥೆಯನ್ನು ಆರಿಸಿಕೊಳ್ಳಿ

ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ 1842ರಲ್ಲಿ, ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಒಂದೇ ಪಟ್ಟಿಗೆ ಓದಿ ಮುಗಿಸಬಹುದಾದ ಗದ್ಯಕಥನಕ್ಕೆ ವಿಶೇಷ ಶಕ್ತಿಯಿದೆ ಎಂದು ವಾದಿಸಿದ್ದ. ತರಗತಿಗೆ ಅಷ್ಟೂ ಬೇಡ. ಐದು ನಿಮಿಷದಲ್ಲಿ ಗಟ್ಟಿಯಾಗಿ ಓದಿ ಮುಗಿಸಬಹುದಾದ ಕಥೆ ಸಾಕು. ಪಠ್ಯದಲ್ಲಿರುವ ಕಥೆ ಉದ್ದವಾಗಿದ್ದರೆ ಶಿಕ್ಷಕರೇ ಎಂಟು ಹತ್ತು ವಾಕ್ಯಗಳ ಪುಟ್ಟ ಕಥೆಯೊಂದನ್ನು ಬರೆದುಕೊಳ್ಳುವುದು ಮೇಲು, ಏಕೆಂದರೆ ಪ್ರತಿ ಪದವನ್ನೂ ಅಲುಗಾಡಿಸಿ ನೋಡುವ ಸ್ವಾತಂತ್ರ್ಯ ಆಗ ಸಿಗುತ್ತದೆ. ಈ ಲೇಖನದ ಉದ್ದಕ್ಕೂ ಬಳಸುವುದಕ್ಕಾಗಿ ಬರೆದುಕೊಂಡ ಕಥೆ ಇದು:

ಗೋಡೆಯ ಗಡಿಯಾರ ನಿಂತು ಮೂರು ದಿನಗಳಾಗಿದ್ದವು. ಅದಕ್ಕೆ ಕೀಲಿ ಕೊಡುವ ಕೆಲಸ ಅಜ್ಜನದು; ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ನಾಲ್ಕನೆಯ ದಿನ ಸುಮಾ ಕುರ್ಚಿಯನ್ನು ಎಳೆದು ತಂದು ಅದರ ಮೇಲೆ ಹತ್ತಿದಳು. “ಇಳಿ ಕೆಳಗೆ” ಎಂದರು ಅಪ್ಪ. ಅವಳು ಇಳಿಯಲಿಲ್ಲ. ಕೀಲಿಯನ್ನು ಹನ್ನೆರಡು ಸುತ್ತು ತಿರುಗಿಸಿದಳು. ಲೋಲಕ ಅಲುಗಿತು. ಅಪ್ಪ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಮೊದಲ ದಿನ ಇದನ್ನು ಎರಡು ಸಲ ಓದಿ ಹೇಳಬೇಕು. ವ್ಯಾಕರಣದ ಒಂದು ಪದವೂ ಅಂದು ಬಾಯಿಗೆ ಬರಬಾರದು. ಕಥೆಯನ್ನು ಕಥೆಯಾಗಿ ಕೇಳದ ಮಕ್ಕಳ ಮುಂದೆ ಅದನ್ನು ಬಿಡಿಸಿಟ್ಟರೆ ಅವರಿಗೆ ಬಿಡಿಭಾಗಗಳಷ್ಟೇ ಕಾಣುತ್ತವೆ.

ಕಥೆಯ ಅಂಶಗಳನ್ನು ಪ್ರಶ್ನೆಗಳಿಂದ ಹೊರಡಿಸಿ

ಕಥಾವಸ್ತು, ಪಾತ್ರ, ಸನ್ನಿವೇಶ, ಸಂಘರ್ಷ, ನಿರೂಪಣೆ ಎಂದು ಕಪ್ಪುಹಲಗೆಯ ಮೇಲೆ ಪಟ್ಟಿ ಬರೆದು ಒಂದೊಂದಕ್ಕೂ ವ್ಯಾಖ್ಯೆ ಕೊಡುವುದು ರೂಢಿ. ಆ ಪಟ್ಟಿಯನ್ನು ಕೊನೆಗಿಟ್ಟು, ಮೊದಲು ಒಂದೇ ಪ್ರಶ್ನೆ ಕೇಳಿ: ಕಥೆಯ ಮೊದಲಿನಲ್ಲಿದ್ದ ಯಾವುದು ಕೊನೆಯಲ್ಲಿ ಬದಲಾಗಿದೆ? ಗಡಿಯಾರ ನಡೆಯತೊಡಗಿತು ಎಂದು ಬಹುತೇಕ ಮಕ್ಕಳು ಹೇಳುತ್ತಾರೆ. ಇಳಿ ಎಂದಿದ್ದ ಅಪ್ಪ ಕೊನೆಗೆ ಕುರ್ಚಿಯನ್ನು ಹಿಡಿದುಕೊಂಡರು ಎಂದು ಯಾರಾದರೊಬ್ಬರು ಹೇಳುವವರೆಗೆ ಕಾಯಬೇಕು. ಅಜ್ಜ ಎಲ್ಲಿ ಹೋದರು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಕಥೆ ಅದನ್ನು ಹೇಳಿಲ್ಲ, ಆದರೆ ಓದಿದವರಿಗೆಲ್ಲ ಗೊತ್ತಾಗಿದೆ. ಹೇಳದೆಯೇ ತಿಳಿಸುವುದು ಸಣ್ಣಕಥೆಯ ಮುಖ್ಯ ಉಪಾಯ ಎಂಬುದನ್ನು ಇಲ್ಲಿಯೇ ಮನಗಾಣಿಸಬಹುದು.

ಸಂಘರ್ಷ ಎಂದರೆ ಹೊಡೆದಾಟ ಎಂದು ತಿಳಿಯುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಇಬ್ಬರು ಒಂದೇ ದುಃಖವನ್ನು ಎರಡು ರೀತಿಯಲ್ಲಿ ನಿಭಾಯಿಸಲು ಹೊರಟಾಗಲೂ ಸಂಘರ್ಷವಿರುತ್ತದೆ ಎಂಬುದಕ್ಕೆ ಸುಮಾ ಮತ್ತು ಅವಳ ಅಪ್ಪನೇ ಸಾಕ್ಷಿ. ಇಷ್ಟು ಚರ್ಚೆಯಾದ ಮೇಲೆ ಪಾರಿಭಾಷಿಕ ಪದಗಳನ್ನು ಕೊಟ್ಟರೆ, ಆಗಲೇ ಕಂಡ ವಸ್ತುವಿಗೆ ಹೆಸರು ಸಿಕ್ಕಂತಾಗುತ್ತದೆ. ಏರಿಳಿತದ ರೇಖಾಚಿತ್ರ ಬಿಡಿಸಿ ಪರಾಕಾಷ್ಠೆಯನ್ನು ಗುರುತಿಸುವ ಕ್ರಮದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ: ಜರ್ಮನಿಯ ಲೇಖಕ ಗುಸ್ತಾವ್ ಫ್ರೈಟಾಗ್ 1863ರಲ್ಲಿ ಅದನ್ನು ರೂಪಿಸಿದ್ದು ಐದಂಕದ ನಾಟಕಗಳಿಗಾಗಿ. ಎಲ್ಲ ಸಣ್ಣಕಥೆಗಳೂ ಆ ತ್ರಿಕೋನದೊಳಗೆ ಕೂರುವುದಿಲ್ಲ. ನಮ್ಮ ಕಥೆಯಂತೂ ಶಿಖರ ಮುಟ್ಟಿದಲ್ಲಿಯೇ ಮುಗಿದುಹೋಗುತ್ತದೆ.

ಕ್ರಿಯಾಪದಗಳ ಕೆಳಗೆ ಗೆರೆ ಎಳೆಸಿ

ಮೂರನೆಯ ಪೀರಿಯಡ್ಡಿನಿಂದ ವ್ಯಾಕರಣ ಆರಂಭವಾಗುತ್ತದೆ, ಹೆಚ್ಚು ಸಮಯ ಬೇಕಾಗುವುದೂ ಇದಕ್ಕೇ. ಕಥೆಯ ಕ್ರಿಯಾಪದಗಳ ಕೆಳಗೆಲ್ಲ ಗೆರೆ ಎಳೆಯಲು ಹೇಳಿ. ‘ಆಗಿದ್ದವು’, ‘ಮುಟ್ಟುತ್ತಿರಲಿಲ್ಲ’, ‘ಹತ್ತಿದಳು’ ಎಂಬ ಮೂರೂ ಭೂತಕಾಲಕ್ಕೆ ಸೇರಿದವು, ಆದರೆ ಮೂರೂ ಒಂದೇ ಕೆಲಸ ಮಾಡುವುದಿಲ್ಲ. ಮೊದಲನೆಯದು ಕಥೆ ಶುರುವಾಗುವ ಮೊದಲೇ ಮುಗಿದದ್ದನ್ನು ಹೇಳುತ್ತದೆ. ಎರಡನೆಯದು ಮನೆಯ ವಾಡಿಕೆಯನ್ನು ಹೇಳುತ್ತದೆ. ಮೂರನೆಯದು ನಮ್ಮ ಕಣ್ಣೆದುರು ನಡೆಯುವ ಒಂದು ಘಟನೆಯನ್ನು ಹೇಳುತ್ತದೆ. ‘ನಾಲ್ಕನೆಯ ದಿನ’ ಎಂಬಲ್ಲಿ ಕಥೆ ತಿರುಗುವುದನ್ನು ಮಕ್ಕಳು ಆಗಲೇ ಗುರುತಿಸಿರುತ್ತಾರೆ. ಕ್ರಿಯಾಪದದ ರೂಪ ಬದಲಾಗುವುದೂ ಅಲ್ಲಿಯೇ ಎಂದು ತೋರಿಸಿದಾಗ ಹಿನ್ನೆಲೆ ಮತ್ತು ಘಟನೆ ಎಂಬ ಕಥನದ ಭೇದವೂ ಕಾಲರೂಪಗಳ ಭೇದವೂ ಒಟ್ಟಿಗೆ ಅರ್ಥವಾಗುತ್ತವೆ.

ಮುಂದಿನ ಪ್ರಶ್ನೆ ಇನ್ನೂ ಸೊಗಸಾದದ್ದು. ‘ಕೀಲಿಯನ್ನು ಹನ್ನೆರಡು ಸುತ್ತು ತಿರುಗಿಸಿದಳು’ ಎಂಬ ವಾಕ್ಯದಲ್ಲಿ ಕರ್ತೃಪದವೇ ಇಲ್ಲ, ಆದರೂ ಯಾರೂ ಗೊಂದಲಗೊಳ್ಳುವುದಿಲ್ಲ. ಅದರ ಹಿಂದಿನ ‘ಅವಳು ಇಳಿಯಲಿಲ್ಲ’ ಎಂಬಲ್ಲಿ ‘ಅವಳು’ ಎಂಬುದನ್ನು ಅಳಿಸಿ ನೋಡಲು ಹೇಳಿ. ‘ತಿರುಗಿಸಿದಳು’ ಎಂಬಲ್ಲಿ ಲಿಂಗವಚನಗಳು ಪ್ರತ್ಯಯದಲ್ಲಿಯೇ ಇವೆ. ‘ಇಳಿಯಲಿಲ್ಲ’ ಎಂಬ ನಿಷೇಧರೂಪವಾದರೋ ನಾನು, ನೀನು, ಅವನು, ಅವಳು, ಅವರು ಎಲ್ಲರಿಗೂ ಒಂದೇ. ಹಾಗಾಗಿ ಕರ್ತೃಪದವನ್ನು ಎಲ್ಲಿ ಬಿಡಬಹುದು, ಎಲ್ಲಿ ಬಿಟ್ಟರೆ ಅರ್ಥ ಜಾರುತ್ತದೆ ಎಂಬುದನ್ನು ನಿಯಮವಾಗಿ ಉರುಹೊಡೆಸಬೇಕಾಗಿಲ್ಲ, ಮಕ್ಕಳೇ ಕಂಡುಕೊಳ್ಳುತ್ತಾರೆ.

‘ಎಂದರು ಅಪ್ಪ’ ಎಂಬುದನ್ನು ‘ಎಂದನು ಅಪ್ಪ’ ಎಂದು ಬದಲಿಸಿದರೆ ಏನಾಗುತ್ತದೆ? ಘಟನೆ ಬದಲಾಗುವುದಿಲ್ಲ, ಹೇಳುತ್ತಿರುವವರು ಬದಲಾದಂತೆ ಅನಿಸುತ್ತದೆ. ಇನ್ನೂ ಮುಂದೆ ಹೋಗಿ ‘ಸುಮಾಳ ತಂದೆ’ ಎಂದು ಬರೆದರೆ ನಿರೂಪಕ ಮನೆಯಿಂದ ಹೊರಗೆ ಬಂದು ಬೀದಿಯಲ್ಲಿ ನಿಂತಂತಾಗುತ್ತದೆ. ಗೌರವಾರ್ಥಕ ಬಹುವಚನವನ್ನು ವಚನದ ಪಾಠದ ಕೊನೆಯಲ್ಲೊಂದು ಅಪವಾದವೆಂದು ಹೇಳಿ ಮುಗಿಸುತ್ತೇವೆ. ಕಥೆಯಲ್ಲಿ ಅದು ದೃಷ್ಟಿಕೋನದ ಬೀಗದ ಕೈ. ಇದೇ ಬಗೆಯಲ್ಲಿ, ಇಡೀ ಕಥೆಯನ್ನು ‘ಅಂತೆ’ ಸೇರಿಸಿ ಹೇಳಿಸಿ ನೋಡಬಹುದು. ಸುಮಾ ಕುರ್ಚಿಯ ಮೇಲೆ ಹತ್ತಿದಳಂತೆ, ಅಪ್ಪ ಇಳಿ ಎಂದರಂತೆ. ತರಗತಿ ನಗುತ್ತದೆ, ನಗಲಿ. ಕಣ್ಣಾರೆ ಕಂಡದ್ದು ಕಿವಿಯಾರೆ ಕೇಳಿದ್ದಾಗಿ ಮಾರ್ಪಟ್ಟಿತು ಎಂಬುದನ್ನು ಆ ನಗುವೇ ಹೇಳುತ್ತದೆ.

‘ಲೋಲಕ ಅಲುಗಿತು’ ಎಂಬುದನ್ನು ‘ಲೋಲಕವನ್ನು ಅಲುಗಿಸಿದಳು’ ಎಂದು ಬರೆಸಿದರೆ ಅಕರ್ಮಕ, ಸಕರ್ಮಕಗಳ ಜೊತೆಗೆ ದ್ವಿತೀಯಾ ವಿಭಕ್ತಿಯ ‘ಅನ್ನು’ ಏಕೆ ಬೇಕಾಯಿತು ಎಂಬುದೂ ತಿಳಿಯುತ್ತದೆ. ಮೊದಲ ರೂಪದಲ್ಲಿ ಗಡಿಯಾರ ತಾನಾಗಿ ಜೀವ ತಳೆಯುತ್ತದೆ, ಎರಡನೆಯದರಲ್ಲಿ ಅದೊಂದು ಯಂತ್ರವಷ್ಟೇ. ಉಳಿದ ವಿಭಕ್ತಿಗಳನ್ನೂ ಕಥೆಯಿಂದಲೇ ಹೆಕ್ಕಿಸಿ: ‘ಅದಕ್ಕೆ’, ‘ಗೋಡೆಯ’, ‘ಅಜ್ಜನ’. ಪಂಚಮಿಗೆ ‘ದೆಸೆಯಿಂದ’ ಎಂದು ಕಲಿಸುತ್ತೇವಾದರೂ ಇಂದಿನ ಗದ್ಯದಲ್ಲಿ ಕುರ್ಚಿಯ ದೆಸೆಯಿಂದ ಯಾರೂ ಇಳಿಯುವುದಿಲ್ಲ, ಕುರ್ಚಿಯಿಂದ ಇಳಿಯುತ್ತಾರೆ. ಇದನ್ನು ಮಕ್ಕಳಿಂದ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಸಂಧಿ ಸಮಾಸಗಳು ಮಾತ್ರ ಈ ಕ್ರಮಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ‘ಕುರ್ಚಿಯನ್ನು’ ಎಂಬಲ್ಲಿ ಯಕಾರಾಗಮ, ‘ಯಾರೂ’ ಎಂಬಲ್ಲಿ ಲೋಪ ಎಂದು ತೋರಿಸಬಹುದು, ಆದರೆ ಅದರಿಂದ ಕಥೆಯ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ. ಅವುಗಳನ್ನು ಬೇರೆ ಹೊತ್ತಿನಲ್ಲಿ ಕಲಿಸುವುದೇ ಪ್ರಾಮಾಣಿಕ ಮಾರ್ಗ.

ವಾಕ್ಯಗಳನ್ನು ಜೋಡಿಸಿ, ಮತ್ತೆ ಬಿಡಿಸಿ

ನಾಲ್ಕನೆಯ ಪೀರಿಯಡ್ಡಿನಲ್ಲಿ ವಾಕ್ಯ ಜೋಡಣೆಯ ಅಭ್ಯಾಸ ನಡೆಯಲಿ. ಸುಮಾ ಕುರ್ಚಿಯನ್ನು ಎಳೆದಳು, ಅದನ್ನು ತಂದಳು, ಅದರ ಮೇಲೆ ಹತ್ತಿದಳು ಎಂಬ ಮೂರು ವಾಕ್ಯಗಳನ್ನು ಕೊಟ್ಟು ಒಂದಾಗಿಸಲು ಹೇಳಿದರೆ ಮಕ್ಕಳು ‘ಎಳೆದು ತಂದು ಹತ್ತಿದಳು’ ಎಂದು ಕ್ಷಣದಲ್ಲಿ ಮಾಡುತ್ತಾರೆ. ಹೆಸರು ಹೇಳದೆಯೇ ಅವರು ಕೃದಂತಾವ್ಯಯಗಳನ್ನು ಬಳಸಿಯಾಯಿತು. ಆಮೇಲೆ ತಪ್ಪು ವಾಕ್ಯವೊಂದನ್ನು ಮುಂದಿಡಿ: ‘ನಾನು ಓದಲು ಕುಳಿತು ಗಡಿಯಾರ ಒಂಬತ್ತು ಹೊಡೆಯಿತು.’ ಕಿವಿಗೆ ಇದು ಒರಟಾಗಿ ಕೇಳುವುದೇಕೆ? ಕುಳಿತವನು ಒಬ್ಬ, ಹೊಡೆದದ್ದು ಇನ್ನೊಂದು. ಸಾಮಾನ್ಯವಾಗಿ ಇಂಥ ಅವ್ಯಯಕ್ಕೂ ಕೊನೆಯ ಕ್ರಿಯಾಪದಕ್ಕೂ ಕರ್ತೃ ಒಂದೇ ಆಗಿರಬೇಕು, ಆದ್ದರಿಂದ ‘ಕುಳಿತಾಗ’ ಎಂದಾಗಬೇಕು. ಚುರುಕಾದ ಮಗುವೊಂದು ಎದ್ದು, ‘ಮಳೆ ಬಂದು ಕೆರೆ ತುಂಬಿತು’ ಎನ್ನುವುದಿಲ್ಲವೇ ಎಂದು ಕೇಳಿದರೆ ಶಿಕ್ಷಕರು ಸಂತೋಷಪಡಬೇಕು. ಒಂದು ಇನ್ನೊಂದಕ್ಕೆ ನೇರ ಕಾರಣವಾದಾಗ ಭಾಷೆ ಈ ಕಟ್ಟನ್ನು ಸಡಿಲಿಸುತ್ತದೆ.

ಜೋಡಿಸುವುದನ್ನು ಕಲಿಸಿ ಅಲ್ಲಿಗೇ ನಿಲ್ಲಿಸಿದರೆ ಮಕ್ಕಳು ಉದ್ದವಾದದ್ದೆಲ್ಲ ಒಳ್ಳೆಯದೆಂದು ತಿಳಿಯುತ್ತಾರೆ. ‘ಅವಳು ಇಳಿಯಲಿಲ್ಲ’ ಎಂಬುದನ್ನು ಮುಂದಿನ ವಾಕ್ಯಕ್ಕೆ ಸೇರಿಸಿ ‘ಅವಳು ಇಳಿಯದೆ ಕೀಲಿಯನ್ನು ಹನ್ನೆರಡು ಸುತ್ತು ತಿರುಗಿಸಿದಳು’ ಎಂದು ಬರೆಸಿ, ಎರಡನ್ನೂ ಗಟ್ಟಿಯಾಗಿ ಓದಿಸಿ. ವ್ಯಾಕರಣದ ದೃಷ್ಟಿಯಿಂದ ಎರಡೂ ಸರಿ. ಆದರೆ ಎರಡೇ ಪದಗಳ ವಾಕ್ಯದಲ್ಲಿದ್ದ ಹಟ ಜೋಡಣೆಯಲ್ಲಿ ಕರಗಿಹೋಯಿತು.

ಬರೆಯಲು ಕೊಡಿ, ಆದರೆ ಖಾಲಿ ಹಾಳೆ ಕೊಡಬೇಡಿ

‘ನಿಮಗೆ ಇಷ್ಟವಾದ ವಿಷಯದ ಮೇಲೆ ಕಥೆ ಬರೆಯಿರಿ’ ಎಂದರೆ ಹದಿಮೂರು ಹದಿನಾಲ್ಕು ವರ್ಷದ ಮಕ್ಕಳಲ್ಲಿ ಅರ್ಧದಷ್ಟು ಜನ ಪೆನ್ನು ಕಚ್ಚುತ್ತಾ ಕೂರುತ್ತಾರೆ. ಐದನೆಯ ಪೀರಿಯಡ್ಡಿನಲ್ಲಿ ಇದೇ ಕಥೆಯನ್ನು ಅಪ್ಪನ ಬಾಯಿಂದ, ‘ನಾನು’ ಎಂದು ಹೇಳಿಸಿ ಬರೆಯಲು ಕೊಡಿ. ಕ್ರಿಯಾಪದಗಳು ‘ಎಂದೆ’, ‘ಹಿಡಿದುಕೊಂಡೆ’ ಎಂದು ಉತ್ತಮಪುರುಷಕ್ಕೆ ಹೊರಳುತ್ತವೆ, ‘ಅಜ್ಜನದು’ ಎಂಬುದು ‘ಅಪ್ಪನದು’ ಆಗಬೇಕಾಗುತ್ತದೆ. ಇದನ್ನು ಮರೆಯುವವರೇ ಹೆಚ್ಚು, ಮರೆತದ್ದನ್ನು ಪಕ್ಕದವರಿಂದಲೇ ಹುಡುಕಿಸಬಹುದು. ಮುಖ್ಯವಾಗಿ, ಕುರ್ಚಿಯನ್ನು ಹಿಡಿದುಕೊಳ್ಳುವಾಗ ಅಪ್ಪನ ಮನಸ್ಸಿನಲ್ಲಿದ್ದುದನ್ನು ಈಗ ಹೇಳಬೇಕೇ ಬೇಡವೇ ಎಂಬ ನಿಜವಾದ ಕಥೆಗಾರನ ಸಮಸ್ಯೆ ಅವರ ಮುಂದೆ ನಿಲ್ಲುತ್ತದೆ.

ಇದು ಆದ ಮೇಲೆಯೇ ಸ್ವಂತ ಕಥೆ. ಅದಕ್ಕೂ ಮಿತಿ ಬೇಕು: ಹನ್ನೆರಡು ವಾಕ್ಯಗಳೊಳಗೆ, ಇಬ್ಬರೇ ಪಾತ್ರಗಳು, ಒಂದೇ ಸ್ಥಳ, ಕನಿಷ್ಠ ಒಂದು ಮಾತು. ಪಾತ್ರದ ಮಾತನ್ನು ಒಮ್ಮೆ ಉದ್ಧರಣ ಚಿಹ್ನೆಯೊಳಗೆ ನೇರವಾಗಿ, ಇನ್ನೊಮ್ಮೆ ‘ತಾನು ಬರುವುದಾಗಿ ಹೇಳಿದಳು’ ಎಂಬ ಬಗೆಯಲ್ಲಿ ಪರೋಕ್ಷವಾಗಿ ಬರೆಸಿ, ಯಾವುದು ಹೊಂದುತ್ತದೆಂದು ಅವರೇ ಆರಿಸಿಕೊಳ್ಳಲಿ.

ತಿದ್ದುವಾಗ ಹಾಳೆಯನ್ನೆಲ್ಲ ಕೆಂಪು ಮಾಡುವುದರಿಂದ ಮಗು ಕಲಿಯುವುದು ಕಡಿಮೆ, ಕುಗ್ಗುವುದು ಹೆಚ್ಚು. ಈ ಸಲ ಕಾಲರೂಪ ಮತ್ತು ಕರ್ತೃ ಕ್ರಿಯೆಗಳ ಹೊಂದಾಣಿಕೆ ಎಂಬ ಎರಡನ್ನು ಮಾತ್ರ ನೋಡುತ್ತೇನೆಂದು ಮೊದಲೇ ಹೇಳಿ, ತಪ್ಪಾದಲ್ಲಿ ಸರಿಯಾದ ರೂಪವನ್ನು ಬರೆಯದೆ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು ಹಿಂದಿರುಗಿಸಿ. ಆ ಸಾಲಿನಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವ ಕೆಲಸ ಬರೆದವರದೇ. ಹಾಳೆಯ ಕೊನೆಯಲ್ಲಿ ಕಥೆಯ ಬಗ್ಗೆ ಒಂದು ಪ್ರಶ್ನೆಯಿರಲಿ, ‘ಅವನು ಬಾಗಿಲು ತೆರೆಯದಿದ್ದರೆ ಏನಾಗುತ್ತಿತ್ತು?’ ಎಂಬಂಥದ್ದು. ಆರನೆಯ ಪೀರಿಯಡ್ಡು ಹೀಗೆ ತಿದ್ದಿ ಬರೆಯುವ ಎರಡನೆಯ ಬರವಣಿಗೆಗೆ ಮೀಸಲಾಗಿರಲಿ. ಅಂಕ ಕೊಡುವುದಾದರೆ ಅದನ್ನು ಓದಿದ ನಂತರ ಕೊಡಿ.