ಜೀವಕೋಶದ ಎರಡು ಬಗೆ: ಕಣ್ಣಾರೆ ನೋಡುವುದು ಹೇಗೆ?

ಒಂಬತ್ತನೇ ತರಗತಿಯ ಯಾವ ನೋಟ್‌ಬುಕ್ ತೆರೆದರೂ ಆ ಪಟ್ಟಿ ಇರುತ್ತದೆ. ಎಡಗಡೆ ಪ್ರೋಕ್ಯಾರಿಯೋಟಿಕ್ ಕೋಶ, ಬಲಗಡೆ ಯೂಕ್ಯಾರಿಯೋಟಿಕ್ ಕೋಶ, ನಡುವೆ ಸ್ಕೇಲ್ ಹಿಡಿದು ಎಳೆದ ಗೆರೆ. ಮಕ್ಕಳು ಅದನ್ನು ಬಾಯಿಪಾಠ ಒಪ್ಪಿಸುತ್ತಾರೆ. ಅದೇ ಮಕ್ಕಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಕೋಶಕೇಂದ್ರ ತೋರಿಸು ಎಂದರೆ ಬಹಳಷ್ಟು ಮಂದಿ ಗಾಳಿಗುಳ್ಳೆ ತೋರಿಸುತ್ತಾರೆ, ಅದರದೇ ಚಿತ್ರ ಬರೆದು ಹೆಸರನ್ನೂ ಗುರುತಿಸುತ್ತಾರೆ. ಪಟ್ಟಿ ಆಮೇಲೆ ಓದಿದರೂ ನಡೆಯುತ್ತದೆ. ಮೊದಲು ಕೋಶ ನೋಡಬೇಕು. ಅದಕ್ಕೆ ಬೇಕಾದುದೆಲ್ಲ ಕಲಬುರಗಿಯಲ್ಲೇ, ಬಹುಪಾಲು ಅಡುಗೆಮನೆಯಲ್ಲೇ ಸಿಗುತ್ತದೆ.

ನೋಡುವ ಮುನ್ನ ತಿಳಿದಿರಬೇಕಾದುದು ಇಷ್ಟೇ. ಡಿಎನ್ಎ ಎರಡೂ ಬಗೆಯ ಕೋಶಗಳಲ್ಲಿದೆ. ಪ್ರೋಕ್ಯಾರಿಯೋಟ್‌ಗೆ ಡಿಎನ್ಎ ಇಲ್ಲ ಎಂದು ಬರೆದರೆ ತಪ್ಪು. ಬ್ಯಾಕ್ಟೀರಿಯಾದಲ್ಲಿ ಅದು ಕೋಶದ್ರವದ ನಡುವೆ ಪೊರೆಯಿಲ್ಲದೆ ಮುದ್ದೆಯಾಗಿ ಇರುತ್ತದೆ. ಆ ಜಾಗಕ್ಕೆ ನ್ಯೂಕ್ಲಿಯಾಯ್ಡ್ ಎಂದು ಹೆಸರು. ಯೂಕ್ಯಾರಿಯೋಟ್‌ನಲ್ಲಿ ಡಿಎನ್ಎ ಸುತ್ತ ಜೋಡಿ ಪೊರೆ ಇದೆ, ಅದೇ ಕೋಶಕೇಂದ್ರ. ಗ್ರೀಕ್ ಭಾಷೆಯ 'ಕ್ಯಾರಿಯಾನ್' ಎಂದರೆ ಕಾಯಿಯೊಳಗಿನ ತಿರುಳು, ನಮ್ಮ ಶೇಂಗಾ ಸಿಪ್ಪೆಯೊಳಗಿನ ಬೀಜ ಇದ್ದ ಹಾಗೆ. 'ಯೂ' ಎಂದರೆ ನಿಜವಾದ, 'ಪ್ರೋ' ಎಂದರೆ ಮುಂಚಿನ. ಈ ಎರಡು ಹೆಸರುಗಳನ್ನು 1925ರಲ್ಲಿ ಬಳಕೆಗೆ ತಂದವರು ಫ್ರಾನ್ಸ್‌ನ ಜೀವವಿಜ್ಞಾನಿ ಎಡ್ವರ್ಡ್ ಶಾಟನ್.

ಸಾಮಾನು

10 ಪಟ್ಟು ಮತ್ತು 40 ಪಟ್ಟಿನ ಮಸೂರಗಳಿರುವ ಶಾಲಾ ಸೂಕ್ಷ್ಮದರ್ಶಕ ಸಾಕು. ಕಣ್ಣಿನ ಕಡೆಯ ಮಸೂರ 10 ಪಟ್ಟಿನದಾದರೆ ಒಟ್ಟು 100 ಮತ್ತು 400 ಪಟ್ಟು ಹಿಗ್ಗಿ ಕಾಣುತ್ತದೆ. '1200 ಪಟ್ಟು' ಎಂದು ಡಬ್ಬಿಯ ಮೇಲೆ ಬರೆದ ಆಟಿಕೆ ಸೂಕ್ಷ್ಮದರ್ಶಕ ಕೊಳ್ಳಬೇಡಿ. ಅದರ ಪ್ಲಾಸ್ಟಿಕ್ ಮಸೂರ ಮಸುಕನ್ನೇ ದೊಡ್ಡದು ಮಾಡಿ ತೋರಿಸುತ್ತದೆ. ಕಾಗದದ ಫೋಲ್ಡ್‌ಸ್ಕೋಪ್ ಸುಮಾರು 140 ಪಟ್ಟು ಹಿಗ್ಗಿಸುತ್ತದೆ. ಉಳ್ಳಾಗಡ್ಡಿಯ ಕೋಶಕೇಂದ್ರಕ್ಕೆ ಅದು ಸಾಕು, ಮೊಸರಿನ ಬ್ಯಾಕ್ಟೀರಿಯಾಕ್ಕೆ ಸಾಲದು.

ಬಣ್ಣಕ್ಕೆ ಎರಡು ದ್ರಾವಣ ಬೇಕು. ಶಾಲೆಯ ಅಯೋಡಿನ್ ಬಾಟಲಿ ಹಳೆಯದಾಗಿ ಬಣ್ಣ ಕಳೆದುಕೊಂಡಿದ್ದರೆ ಔಷಧದ ಅಂಗಡಿಯಲ್ಲಿ ಸಿಗುವ ಶೇ 5ರ ಪೊವಿಡೋನ್ ಅಯೋಡಿನ್ ತಂದು, ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ. ಮುಲಾಮು ತರಬೇಡಿ, ದ್ರಾವಣವೇ ಬೇಕು. ಮಿಥಿಲೀನ್ ಬ್ಲೂ ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಔಷಧವಾಗಿ ಸಿಗುತ್ತದೆ. ನೀರು ಮಾತ್ರ ಫಿಲ್ಟರಿನದೇ ಇರಲಿ. ನಮ್ಮ ಬೋರ್‌ವೆಲ್ ನೀರು ಗಡಸು. ಸ್ಲೈಡ್ ಒಣಗಿದಾಗ ಉಪ್ಪಿನ ಹರಳು ಉಳಿದು, ಅದನ್ನೇ ಮಕ್ಕಳು ಕೋಶ ಅಂದುಕೊಳ್ಳುತ್ತಾರೆ.

ಉಳ್ಳಾಗಡ್ಡಿ ಸಿಪ್ಪೆ: ಕೆಡುವುದು ಇಲ್ಲೇ

ಉಳ್ಳಾಗಡ್ಡಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ. ಹೊರಗಿನ ಒಣ ಸಿಪ್ಪೆ ಎಸೆಯಿರಿ, ಅದರಲ್ಲಿರುವುದು ಸತ್ತ ಕೋಶ. ಎರಡನೇ ಅಥವಾ ಮೂರನೇ ರಸಭರಿತ ಪದರ ತೆಗೆದುಕೊಳ್ಳಿ. ಆ ಪದರಕ್ಕೆ ಎರಡು ಮೈ: ಉಬ್ಬಿದ ಹೊರಮೈ, ತಗ್ಗಿದ ಒಳಮೈ. ಹೊರಮೈಯ ಸಿಪ್ಪೆ ತಿರುಳಿಗೆ ಬಿಗಿಯಾಗಿ ಅಂಟಿರುತ್ತದೆ, ಎಳೆದರೆ ತಿರುಳಿನ ಕೋಶಗಳನ್ನೂ ಹೊತ್ತು ಬರುತ್ತದೆ. ಹಾಗೆ ಬಂದ ಸಿಪ್ಪೆ ಮೂರು ನಾಲ್ಕು ಪದರ ದಪ್ಪವಿದ್ದು, ಒಂದರ ಮೇಲೊಂದು ಗೋಡೆ ಬಿದ್ದು ಏನೂ ತಿಳಿಯುವುದಿಲ್ಲ. ಬೇಕಿರುವುದು ತಗ್ಗಿದ ಒಳಮೈಯ ಪೊರೆ. ಅದು ಒಂದೇ ಕೋಶದಷ್ಟು ದಪ್ಪ, ಸಡಿಲವಾಗಿ ಅಂಟಿರುತ್ತದೆ.

ಬಹಳಷ್ಟು ಕಡೆ ಪದರವನ್ನು ಮುರಿದು ಉದ್ದನೆಯ ಪಟ್ಟಿ ಎಳೆಯುವುದನ್ನು ಕಲಿಸುತ್ತಾರೆ. ಬೇಡ. ಆ ಪಟ್ಟಿ ಸುರುಳಿ ಸುತ್ತಿಕೊಳ್ಳುತ್ತದೆ, ಬಿಡಿಸುವಷ್ಟರಲ್ಲಿ ಒಣಗುತ್ತದೆ. ಅದರ ಬದಲು ಒಳಮೈಯ ಮೇಲೆ ಹೊಸ ಬ್ಲೇಡಿನ ತುದಿಯಿಂದ ಅರ್ಧ ಸೆಂಟಿಮೀಟರಿನ ಚೌಕ ಗೀರಿ. ಆಳಕ್ಕೆ ಕೊಯ್ಯಬೇಡಿ, ಗೆರೆ ಮೂಡಿದರೆ ಸಾಕು. ಚೌಕದ ಒಂದು ಮೂಲೆಗೆ ಚಿಮಟ ಹಾಕಿ ನಿಧಾನವಾಗಿ ಎತ್ತಿದರೆ ಹಾಲಿನ ಕೆನೆಗಿಂತ ತೆಳುವಾದ ಪೊರೆ ಬರುತ್ತದೆ. ಕೆಳಗಿಟ್ಟ ಅಕ್ಷರ ಅದರ ಮೂಲಕ ಸಲೀಸಾಗಿ ಓದಲು ಬರಬೇಕು. ಬೆಳ್ಳಗೆ ಮಂಜಾಗಿದ್ದರೆ ತಿರುಳು ಬಂದಿದೆ ಎಂದರ್ಥ, ಎಸೆದು ಇನ್ನೊಂದು ಚೌಕ ಗೀರಿ.

ಪೊರೆಯನ್ನು ಅರೆಗಳಿಗೆಯೂ ಗಾಳಿಗೆ ಬಿಡದೆ ನೀರಿರುವ ಬಟ್ಟಲಿಗೆ ಹಾಕಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಒಂದು ನಿಮಿಷವೂ ಬೇಕಿಲ್ಲ, ಪೊರೆ ಸುಕ್ಕುಗಟ್ಟುತ್ತದೆ. ನೀರಿನಲ್ಲೇ ಕುಂಚದಿಂದ ಹರಡಿ, ಎತ್ತಿ, ಸ್ಲೈಡಿನ ಮೇಲೆ ಮೊದಲೇ ಹಾಕಿಟ್ಟ ಒಂದು ಹನಿ ನೀರಿನಲ್ಲಿ ಇಳಿಸಿ. ಮಡಿಕೆ ಬಿದ್ದಿದ್ದರೆ ಎರಡು ಸೂಜಿಯಿಂದ ಎದುರುಬದುರು ಮೂಲೆ ಹಿಡಿದು ಬಿಡಿಸಿ. ಒಂದು ಹನಿ ಅಯೋಡಿನ್ ಹಾಕಿ ಎರಡು ನಿಮಿಷ ಕಾಯಿರಿ. ಬೇಸಿಗೆಯಾದರೆ ಒಂದು ಹನಿ ಗ್ಲಿಸರಿನ್ ಸೇರಿಸಿ.

ಈಗ ಕವರ್‌ಸ್ಲಿಪ್, ಅಂದರೆ ಮೇಲೆ ಮುಚ್ಚುವ ತೆಳು ಗಾಜು. ಮೇಲಿನಿಂದ ಅಡ್ಡಡ್ಡ ಬಿಟ್ಟರೆ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಗುಳ್ಳೆ ಖಚಿತ. ಒಂದು ಅಂಚನ್ನು ಹನಿಯ ಪಕ್ಕದಲ್ಲಿ ಊರಿ, 45 ಡಿಗ್ರಿ ಓರೆಯಾಗಿ ಹಿಡಿದು, ಇನ್ನೊಂದು ಅಂಚಿಗೆ ಸೂಜಿಯ ಆಸರೆ ಕೊಡುತ್ತ ನಿಧಾನಕ್ಕೆ ಇಳಿಸಿ. ನೀರು ಅಂಚಿನುದ್ದಕ್ಕೂ ಹರಿದು ಗಾಳಿಯನ್ನು ಮುಂದೆ ತಳ್ಳುವುದು ಕಣ್ಣಿಗೇ ಕಾಣಬೇಕು. ಆದರೂ ಗುಳ್ಳೆ ಉಳಿದರೆ ಬೆರಳಿನಿಂದ ಒತ್ತಬೇಡಿ, ಪೊರೆ ಜಜ್ಜಿ ಹೋಗುತ್ತದೆ. ಒಂದು ಅಂಚಿಗೆ ಹನಿ ನೀರು ಬಿಟ್ಟು, ಎದುರು ಅಂಚಿನಿಂದ ಬ್ಲಾಟಿಂಗ್ ಕಾಗದದಲ್ಲಿ ಹೀರಿಸಿದರೆ ಗುಳ್ಳೆ ಹೊರಡುತ್ತದೆ.

ಬೆಳಕಿನಲ್ಲೂ ಎಡವುತ್ತಾರೆ. ನೇರ ಬಿಸಿಲನ್ನು ಕನ್ನಡಿಗೆ ಎಂದೂ ಬೀಳಿಸಬೇಡಿ, ಕಣ್ಣಿಗೆ ಅಪಾಯ. ಕಿಟಕಿಯಾಚೆಯ ಆಕಾಶದ ಬೆಳಕು ಸಾಕು. ಬಣ್ಣ ಹಾಕಿದ ಮೇಲೂ ಕೋಶ ತೆಳ್ಳಗೆ, ಮಂಕಾಗಿ ಕಂಡರೆ ಬೆಳಕು ಹೆಚ್ಚಿದೆ ಎಂದರ್ಥ. ವೇದಿಕೆಯ ಕೆಳಗಿನ ಬೆಳಕಿನ ಕಿಂಡಿಯನ್ನು ಕಿರಿದು ಮಾಡುತ್ತ ಹೋದರೆ ಗೋಡೆಗಳು ಎದ್ದು ಕಾಣತೊಡಗುತ್ತವೆ. ಯಾವಾಗಲೂ 10 ಪಟ್ಟಿನ ಮಸೂರದಿಂದಲೇ ಶುರುಮಾಡಿ. ಪಕ್ಕದಿಂದ ನೋಡುತ್ತ ಮಸೂರವನ್ನು ಸ್ಲೈಡಿನ ಹತ್ತಿರ ತಂದು, ಆಮೇಲೆ ಕಣ್ಣಿಟ್ಟು ದೂರ ಸರಿಸುತ್ತ ಹೊಂದಿಸಿ. 40 ಪಟ್ಟಿನ ಮಸೂರಕ್ಕೆ ಬಂದ ಮೇಲೆ ದೊಡ್ಡ ತಿರುಪು ಮುಟ್ಟಬೇಡಿ, ಸಣ್ಣ ತಿರುಪು ಮಾತ್ರ. ಶಾಲೆಗಳಲ್ಲಿ ಒಡೆದ ಕವರ್‌ಸ್ಲಿಪ್‌ಗೂ ಗೀರುಬಿದ್ದ ಮಸೂರಕ್ಕೂ ಕಾರಣ ಹೆಚ್ಚಾಗಿ ಆ ದೊಡ್ಡ ತಿರುಪೇ.

ಕಾಣುವುದೇನು? ಇಟ್ಟಿಗೆ ಜೋಡಿಸಿದಂತೆ ಉದ್ದುದ್ದ ಕೋಶಗಳು, ಒಂದೊಂದರಲ್ಲೂ ಗೋಡೆಗೆ ಒತ್ತಿಕೊಂಡ ಒಂದು ಹಳದಿ ಮಿಶ್ರಿತ ಕಂದು ಬಟ್ಟು. ಅದು ಕೋಶಕೇಂದ್ರ. ನಡುವಿನ ಜಾಗವನ್ನೆಲ್ಲ ದೊಡ್ಡ ರಸದಾನಿ (ರಸ ತುಂಬಿದ ಚೀಲ) ಆಕ್ರಮಿಸಿರುವುದರಿಂದ ಕೋಶಕೇಂದ್ರ ಬದಿಗೆ ಸರಿದಿದೆ. ಗಾಳಿಗುಳ್ಳೆ ಹೀಗಿರುವುದಿಲ್ಲ. ಅದರ ಅಂಚು ದಪ್ಪ ಕಪ್ಪು, ನಡುಭಾಗ ಹೊಳೆಯುತ್ತದೆ, ಬಣ್ಣ ಹಿಡಿಯುವುದಿಲ್ಲ, ಎರಡು ಮೂರು ಕೋಶಗಳ ಗೋಡೆ ದಾಟಿ ಹರಡಿರುತ್ತದೆ. ಸಣ್ಣ ತಿರುಪು ತಿರುಗಿಸಿದರೆ ಆ ಕಪ್ಪು ಅಂಚು ಹಿಗ್ಗಿ ಕುಗ್ಗುತ್ತದೆ.

ಚಿತ್ರ ಬರೆಯುವಾಗ ಕಂಡದ್ದನ್ನಷ್ಟೇ ಬರೆಯಿರಿ. ಉಳ್ಳಾಗಡ್ಡಿಯ ಈ ಪೊರೆಯಲ್ಲಿ ಕ್ಲೋರೋಪ್ಲಾಸ್ಟ್ ಇಲ್ಲ, ಹಸಿರು ಚುಕ್ಕೆ ಇಡಬೇಡಿ. ಅಯೋಡಿನ್ ಹಾಕಿದರೂ ನೀಲಿ ಆಗಲಿಲ್ಲವಲ್ಲ ಎಂದು ಗಾಬರಿ ಬೇಡ. ಉಳ್ಳಾಗಡ್ಡಿ ಆಹಾರವನ್ನು ಪಿಷ್ಟವಾಗಿ ಅಲ್ಲ, ಸಕ್ಕರೆಯ ರೂಪದಲ್ಲಿ ಕೂಡಿಡುತ್ತದೆ. ಪ್ರೋಟೀನ್ ತಯಾರಿಸುವ ಅತಿಸಣ್ಣ ಕಣವಾದ ರೈಬೋಸೋಮ್ ಈ ಸೂಕ್ಷ್ಮದರ್ಶಕಕ್ಕೆ ನಿಲುಕುವುದೇ ಇಲ್ಲ.

ಕೆನ್ನೆಯ ಸ್ಲೈಡ್: ಎರಡೂ ಒಂದೇ ಕಡೆ

ಬಾಯಿಯನ್ನು ಎರಡು ಸಲ ಮುಕ್ಕಳಿಸಿ. ಹೊಸ ಹಲ್ಲುಕಡ್ಡಿಯ ಮೊಂಡು ತುದಿಯಿಂದ ಕೆನ್ನೆಯ ಒಳಮೈಯನ್ನು ಮೆಲ್ಲಗೆ ಸವರಿ, ಸ್ಲೈಡಿನ ಮೇಲಿನ ಒಂದು ಹನಿ ನೀರಿನಲ್ಲಿ ಕಲಸಿ, ಒಂದು ಸಣ್ಣ ಹನಿ ಮಿಥಿಲೀನ್ ಬ್ಲೂ ಹಾಕಿ ಕವರ್‌ಸ್ಲಿಪ್ ಇಳಿಸಿ. ಕಡ್ಡಿಯನ್ನು ಇನ್ನೊಬ್ಬರು ಬಳಸಕೂಡದು.

ಈ ಸ್ಲೈಡನ್ನು ಬೇಗ ತೆಗೆದಿಡಬೇಡಿ. 400 ಪಟ್ಟಿನಲ್ಲಿ ಅಂಕುಡೊಂಕಾದ ತೆಳು ನೀಲಿ ಹಾಳೆಯಂತಹ ಕೋಶ, ನಡುವೆ ಕಡುನೀಲಿ ಕೋಶಕೇಂದ್ರ ಕಾಣುತ್ತದೆ. ಕೋಶದ ಅಗಲ ಸುಮಾರು 50ರಿಂದ 60 ಮೈಕ್ರೋಮೀಟರ್, ಕೋಶಕೇಂದ್ರದ್ದು ಸುಮಾರು 8ರಿಂದ 10. ಒಂದು ಮಿಲಿಮೀಟರಿನಲ್ಲಿ 1000 ಮೈಕ್ರೋಮೀಟರ್. ಈಗ ಕೋಶದ ಮೇಲ್ಮೈಯನ್ನೇ ದಿಟ್ಟಿಸಿ. ರಾಗಿಯ ಹಿಟ್ಟು ಉದುರಿಸಿದಂತೆ ಕಡುನೀಲಿ ಚುಕ್ಕೆಗಳು, ಕೆಲವು ಜೋಡಿಯಾಗಿ, ಕೆಲವು ಸರದಂತೆ ಅಂಟಿರುತ್ತವೆ. ಅವು ಬಾಯಿಯ ಬ್ಯಾಕ್ಟೀರಿಯಾ, ಒಂದೊಂದೂ ಸುಮಾರು 1 ಮೈಕ್ರೋಮೀಟರ್. ಹಾಳೆ ಯೂಕ್ಯಾರಿಯೋಟ್, ಚುಕ್ಕೆ ಪ್ರೋಕ್ಯಾರಿಯೋಟ್. ಬ್ಯಾಕ್ಟೀರಿಯಾದ ಇಡೀ ದೇಹ ನಿಮ್ಮ ಒಂದು ಕೋಶಕೇಂದ್ರದ ಎಂಟನೇ ಒಂದು ಭಾಗದಷ್ಟು ಅಗಲ.

ಇಷ್ಟು ಅಂತರ ಏಕೆ? ಬ್ಯಾಕ್ಟೀರಿಯಾದಲ್ಲಿ ಡಿಎನ್ಎಯಿಂದ ಆರ್‌ಎನ್ಎ ಪ್ರತಿ ಇಳಿಯುತ್ತಿರುವಾಗಲೇ ಆ ಪ್ರತಿಯ ಮೇಲೆ ರೈಬೋಸೋಮ್ ಬಂದು ಕೂತು ಪ್ರೋಟೀನ್ ತಯಾರಿಸತೊಡಗುತ್ತದೆ, ನಡುವೆ ತಡೆಯುವ ಪೊರೆಯಿಲ್ಲ. ಅನುಕೂಲ ಸಿಕ್ಕರೆ ಕರುಳಿನ ಬ್ಯಾಕ್ಟೀರಿಯಾ ಇ. ಕೋಲೈ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ದೊಡ್ಡ ಕೋಶಕ್ಕೆ ಈ ಸರಳತೆ ಒಗ್ಗುವುದಿಲ್ಲ. ಬದಿ 1 ಅಳತೆಯಿರುವ ಘನಕ್ಕೆ ಒಂದು ಪಾಲು ಗಾತ್ರಕ್ಕೆ 6 ಪಾಲು ಮೇಲ್ಮೈ ಇದ್ದರೆ, ಬದಿ 10 ಅಳತೆಯಿರುವ ಘನಕ್ಕೆ 0.6 ಪಾಲು ಮಾತ್ರ. ಹೊರಪೊರೆ ಒಂದರಿಂದಲೇ ಇಡೀ ಕೋಶ ಸಾಕಲಾಗದು. ಆದ್ದರಿಂದ ಒಳಗೇ ಪೊರೆಗಳು, ಪೊರೆ ಸುತ್ತಿದ ಕಣದಂಗಗಳು. ರೈಬೋಸೋಮ್ ಮಾತ್ರ ಎರಡರಲ್ಲೂ ಇದೆ, ಅಳತೆ ಬೇರೆ: ಬ್ಯಾಕ್ಟೀರಿಯಾದ್ದು 70 ಎಸ್, ನಮ್ಮ ಕೋಶದ್ರವದ್ದು 80 ಎಸ್ (ಎಸ್ ಎಂದರೆ ಕಣ ಎಷ್ಟು ಬೇಗ ತಳಕ್ಕಿಳಿಯುತ್ತದೆ ಎಂಬುದರ ಅಳತೆ). ಸ್ಟ್ರೆಪ್ಟೋಮೈಸಿನ್‌ನಂತಹ ಔಷಧ ಬ್ಯಾಕ್ಟೀರಿಯಾಕ್ಕೆ ಹೊಡೆತ ಕೊಟ್ಟು ನಮ್ಮನ್ನು ಬಹುಮಟ್ಟಿಗೆ ಬಿಡುವುದಕ್ಕೆ ಈ ವ್ಯತ್ಯಾಸ ಮುಖ್ಯ ಕಾರಣ.

ಎರಡು ಕಡೆ ಮಕ್ಕಳು ದಾರಿ ತಪ್ಪುತ್ತಾರೆ. ಏಕಕೋಶ ಜೀವಿಯೆಲ್ಲ ಪ್ರೋಕ್ಯಾರಿಯೋಟ್ ಅಲ್ಲ. ಅಮೀಬಾ, ಪ್ಯಾರಮೀಸಿಯಂ, ಬ್ರೆಡ್ಡಿನ ಈಸ್ಟ್ ಮೂರೂ ಯೂಕ್ಯಾರಿಯೋಟ್. ನಮ್ಮ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿಲ್ಲ ಎಂದು ಅದನ್ನು ಪ್ರೋಕ್ಯಾರಿಯೋಟ್ ಎನ್ನಬಾರದು. ಅದು ಬೆಳೆಯುವಾಗ ಕೋಶಕೇಂದ್ರ ಇತ್ತು, ಆಮೇಲೆ ಹೊರಹಾಕಿದೆ.

ಮೊಸರು

ಕೆನೆ ಬಿಟ್ಟು, ಮೊಸರಿನ ಮೇಲೆ ನಿಂತ ತಿಳಿನೀರಿನ ಒಂದು ಹನಿಯನ್ನು ಸ್ಲೈಡಿಗೆ ತೆಳ್ಳಗೆ ಬಳಿಯಿರಿ. ಗಟ್ಟಿ ಮೊಸರು ಹಾಕಿದರೆ ಹಾಲಿನ ಪ್ರೋಟೀನೇ ಬಣ್ಣ ಹಿಡಿದು ಎಲ್ಲ ನೀಲಿ ಗೋಡೆಯಾಗುತ್ತದೆ. ಪೂರ್ತಿ ಒಣಗಿಸಿ, ಬಳಿದ ಮೈ ಮೇಲೆ ಮಾಡಿ ಉರಿಯ ಮೇಲೆ ಮೂರು ಸಲ ಸರಸರ ಹಾಯಿಸಿ, ಮಿಥಿಲೀನ್ ಬ್ಲೂ ಒಂದೆರಡು ನಿಮಿಷ, ತೊಳೆದು ಒಣಗಿಸಿ. ಕಡ್ಡಿಗಳೂ ಮಣಿಸರಗಳೂ ಕಾಣುತ್ತವೆ. 2 ಮೈಕ್ರೋಮೀಟರಿನ ಕಡ್ಡಿ 400 ಪಟ್ಟಿನಲ್ಲಿ 0.8 ಮಿಲಿಮೀಟರಿನಷ್ಟೇ ಕಾಣುವುದು, ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ತೊಗರಿ ಬೇರು: ಇದನ್ನು ಬಿಡಬೇಡಿ

ಜೂನ್, ಜುಲೈನಲ್ಲಿ ಬಿತ್ತಿದ ತೊಗರಿಗೆ ಆಗಸ್ಟ್ ಹೊತ್ತಿಗೆ ಬೇರುಗಂಟು ಬಂದಿರುತ್ತದೆ. ಎರೆಭೂಮಿಯಲ್ಲಿ ಗಿಡ ಹಿಡಿದು ಕಿತ್ತರೆ ಗಂಟೆಲ್ಲ ಮಣ್ಣಿನಲ್ಲೇ ಉಳಿಯುತ್ತದೆ. ಸುತ್ತ ಒಂದು ಗೇಣು ಬಿಟ್ಟು ಮಣ್ಣಿನ ಹೆಂಟೆ ಸಮೇತ ಅಗೆದು, ಬಕೆಟ್ ನೀರಿನಲ್ಲಿ ನೆನೆಸಿ, ಅಲುಗಿಸಿ ತೊಳೆಯಿರಿ. ಒಂದು ಗಂಟನ್ನು ಬ್ಲೇಡಿನಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಅದು ಕೆಲಸ ಮಾಡುತ್ತಿರುವ ಗಂಟು, ಬೂದು ಅಥವಾ ಹಸಿರಾಗಿದ್ದರೆ ಬೇರೆ ಆರಿಸಿ. ಸೀಳಿದ ಮೈಯನ್ನು ಹನಿ ನೀರಿನಲ್ಲಿ ಜಜ್ಜಿ, ನಾರು ತೆಗೆದು, ಮೊಸರಿನ ಸ್ಲೈಡಿನಂತೆಯೇ ಒಣಗಿಸಿ ಬಣ್ಣ ಹಾಕಿ. ಚಿಕ್ಕ ಕಡ್ಡಿಗಳು ರಾಶಿ ರಾಶಿಯಾಗಿ ಕಾಣುತ್ತವೆ. ಜಜ್ಜುವ ಮುನ್ನ ಇವು ತೊಗರಿಯ ಕೋಶಗಳ ಒಳಗೇ ಇದ್ದವು, ಒಂದೊಂದು ಕೋಶದಲ್ಲಿ ಸಾವಿರಾರು. ಗಿಡ ಸಕ್ಕರೆ ಕೊಡುತ್ತದೆ, ಇವು ಗಾಳಿಯ ಸಾರಜನಕವನ್ನು ಗಿಡ ಬಳಸುವ ರೂಪಕ್ಕೆ ತರುತ್ತವೆ.

ಕೋಶಕ್ಕೆ ಶಕ್ತಿ ಒದಗಿಸುವ ಕಣದಂಗ ಮೈಟೋಕಾಂಡ್ರಿಯಾ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಈ ಗಂಟಿಗಿಂತ ಒಳ್ಳೆಯ ಹೋಲಿಕೆ ಸಿಗದು. ಅದೂ ಒಂದು ಕಾಲಕ್ಕೆ ಬೇರೆ ಕೋಶದೊಳಗೆ ಹೊಕ್ಕು ಉಳಿದುಕೊಂಡ ಬ್ಯಾಕ್ಟೀರಿಯಾ. ಅಮೆರಿಕದ ಲಿನ್ ಮಾರ್ಗುಲಿಸ್ 1967ರಲ್ಲಿ ಈ ವಾದವನ್ನು ಬಲವಾಗಿ ಮಂಡಿಸಿದರು. ಮೈಟೋಕಾಂಡ್ರಿಯಾಕ್ಕೆ ಇಂದಿಗೂ ತನ್ನದೇ ಡಿಎನ್ಎ, ಬ್ಯಾಕ್ಟೀರಿಯಾವನ್ನು ಹೋಲುವ ರೈಬೋಸೋಮ್ ಇವೆ. ತೊಗರಿಯ ಬ್ಯಾಕ್ಟೀರಿಯಾ ಬೀಜದೊಳಗೆ ಹೋಗುವುದಿಲ್ಲ, ಪ್ರತಿ ಹಂಗಾಮಿಗೂ ಮಣ್ಣಿನಿಂದ ಹೊಸದಾಗಿ ಹೊಗಬೇಕು. ಮೈಟೋಕಾಂಡ್ರಿಯಾ ಕೋಶದಿಂದ ಕೋಶಕ್ಕೆ ಹಾಗೇ ಸಾಗಿ ಬಂದಿದೆ.

ಬೀಜೋಪಚಾರಕ್ಕೆ ತರುವ ರೈಜೋಬಿಯಂ (ಬೇರುಗಂಟಿನ ಬ್ಯಾಕ್ಟೀರಿಯಾ) ಪೊಟ್ಟಣದಲ್ಲಿರುವುದು ಪ್ರೋಕ್ಯಾರಿಯೋಟ್. ಟ್ರೈಕೋಡರ್ಮಾ ಪೊಟ್ಟಣದಲ್ಲಿರುವುದು ಶಿಲೀಂಧ್ರ, ಅಂದರೆ ಯೂಕ್ಯಾರಿಯೋಟ್. ತೊಗರಿಯ ನೆಟೆ ರೋಗ ತರುವ ಫ್ಯುಸೇರಿಯಂ ಕೂಡ ಶಿಲೀಂಧ್ರವೇ. ಸ್ಟ್ರೆಪ್ಟೋಮೈಸಿನ್ ಸಿಂಪಡಿಸಿ ನೆಟೆ ರೋಗ ತಡೆಯುತ್ತೇನೆ ಎನ್ನುವವರ ಮಾತು ಕೇಳಿ ದುಡ್ಡು ಕಳೆದುಕೊಳ್ಳಬೇಡಿ. ಆ ಔಷಧ ಹುಡುಕುವ ರೈಬೋಸೋಮ್ ಶಿಲೀಂಧ್ರದ ಕೋಶದ್ರವದಲ್ಲಿ ಇಲ್ಲ.

ಉಳ್ಳಾಗಡ್ಡಿ ಮತ್ತು ಕೆನ್ನೆಯ ಸ್ಲೈಡ್ ಆ ದಿನಕ್ಕಷ್ಟೇ. ಕೆನ್ನೆಯ ಸ್ಲೈಡನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ತೊಳೆಯಿರಿ. ಮೊಸರು ಮತ್ತು ಬೇರುಗಂಟಿನ ಒಣ ಸ್ಲೈಡನ್ನು ಕಾಗದದಲ್ಲಿ ಸುತ್ತಿ, ಮೇಲೆ ದಿನಾಂಕ ಬರೆದು ಬಿಸಿಲು ತಾಗದ ಡಬ್ಬಿಯಲ್ಲಿಡಿ. ಆಗಸ್ಟ್‌ನಲ್ಲಿ ಮಾಡಿದ್ದು ಫೆಬ್ರುವರಿಯ ಪ್ರಾಯೋಗಿಕ ಪರೀಕ್ಷೆಗೂ ಬರುತ್ತದೆ.